ಅತ್ತೆಯ ಜಾಹೀರಾತಿನಲ್ಲಿ ಒಂದೇ ಕೊಡಪಾನ

ನನ್ನ ಅತ್ತೆಗೆ ಹಾವಿನ ಭಯ ಇರಲಿಲ್ಲ. ಬಚ್ಚಲುಮನೆಗೆ ಬಂದ ಕೇರೆಹಾವನ್ನು ಕೋಲಿನ ತುದಿಯಲ್ಲಿ ಎತ್ತಿ, "ಹೋಗು ಮಾರಾಯ, ನಿನಗೆ ಬೇರೆ ಕೆಲಸ ಇಲ್ವಾ?" ಎಂದು ಬೇಲಿಯಾಚೆ ಬಿಟ್ಟುಬಂದು, ಕೈ ತೊಳೆದು, ಅರ್ಧಕ್ಕೆ ನಿಂತಿದ್ದ ಕಾಫಿ ಮುಗಿಸಿದವರು ಅವರು. ಶಾಲಾ ಇನ್ಸ್‌ಪೆಕ್ಟರರ ಭಯವಂತೂ ಇರಲೇ ಇಲ್ಲ. ಇನ್ಸ್‌ಪೆಕ್ಟರರಿಗೇ ಅತ್ತೆಯ ಭಯ ಇತ್ತೆಂದು ಕೇಳಿದ್ದೇನೆ. ಈ ಜಗತ್ತಿನಲ್ಲಿ ಅತ್ತೆ ಹೆದರುತ್ತಿದ್ದದ್ದು ಒಂದಕ್ಕೆ ಮಾತ್ರ. ತುಂಬಿದ ಪುಟಕ್ಕೆ! ಸುತ್ತ ಹೂವಿನ ಬಾರ್ಡರು, ಮೇಲೆ ದೇವರು, ಕೆಳಗೆ ಮಾಲೀಕರು, ನಡುವೆ ಹದಿನಾಲ್ಕು ಸಾಲು ಬರಹ ಇರುವ ಜಾಹೀರಾತೊಂದು ಕಣ್ಣಿಗೆ ಬಿತ್ತೋ, ಅತ್ತೆ ಹಣೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. "ಉಸಿರು ಕಟ್ಟುತ್ತದೆ, ಆ ಕಿಟಕಿ ಒಮ್ಮೆ ತೆಗಿ" ಅನ್ನುತ್ತಿದ್ದರು.

ಇವರು ನನ್ನ ಅಪ್ಪನ ಒಬ್ಬಳೇ ತಂಗಿ. ಕಾಪುವಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ಹುಟ್ಟುವಾಗಲೇ ಹೀಗಿದ್ದರು ಎಂದು ಯಾರೂ ತಿಳಿಯಬಾರದು. ಎಪ್ಪತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಮಣಿಪಾಲದಲ್ಲಿ ಡ್ರಾಯಿಂಗ್ ಟೀಚರುಗಳಿಗೆಂದು ಹತ್ತು ದಿನದ ತರಬೇತಿ ನಡೆಯಿತು. ಬೊಂಬಾಯಿಯಿಂದ ಬಂದ ಒಬ್ಬ ಮಾಸ್ಟ್ರು ಜಾಹೀರಾತುಗಳ ವಿನ್ಯಾಸದ ಬಗ್ಗೆ ಪಾಠ ಮಾಡಿದರಂತೆ. ಸಮತೋಲನ ಅಂದರೇನು, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಖಾಲಿ ಜಾಗ ಯಾಕೆ ಬೇಕು, ಹೀಗೆ. ಅತ್ತೆ ಒಂದು ನೋಟ್‌ಬುಕ್ಕು ಬರೆದು ತಂದರು. ಖಾಲಿ ಜಾಗದ ಮಹತ್ವವನ್ನು ಒಂದಿಂಚೂ ಖಾಲಿ ಬಿಡದೆ ಬರೆದ ನೋಟ್‌ಬುಕ್ಕು! ತರಬೇತಿ ಹತ್ತು ದಿನದ್ದು. ಅದನ್ನು ನಾವು ಅನುಭವಿಸಿದ್ದು ಹದಿನೈದು ವರ್ಷ.

ನಾನು ಉಡುಪಿಯ ಕಾಲೇಜಿಗೆ ಸೇರಿದಾಗ ಕಾರ್ಕಳದಿಂದ ದಿನಾ ಓಡಾಡುವುದು ಕಷ್ಟವೆಂದು ಅಪ್ಪ ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟರು. ಹಾಗಾಗಿ ಇದನ್ನೆಲ್ಲ ಕಣ್ಣಾರೆ ಕಂಡವನು ನಾನು. ಆ ಮನೆಯಲ್ಲಿ ಬೆಳಿಗ್ಗೆ ಪತ್ರಿಕೆ ಬಂದರೆ ಅದು ಮೊದಲು ಹೋಗುವುದು ಅತ್ತೆಯ ಕೈಗೆ. ಅವರು ಪತ್ರಿಕೆ ಓದುತ್ತಿದ್ದರೆಂದು ಹೇಳಲಾರೆ. ತಿದ್ದುತ್ತಿದ್ದರು. ಕೆಂಪು ಪೆನ್ಸಿಲ್ ಹಿಡಿದು ಬನಿಯನ್ನಿನ ಜಾಹೀರಾತಿಗೆ ಹತ್ತಕ್ಕೆ ಮೂರು, ಕೆಮ್ಮಿನ ಔಷಧಿಗೆ ಎರಡು, ಹಲ್ಲುಪುಡಿಗೆ ಸೊನ್ನೆ ಅಂಕ ಕೊಟ್ಟು ಮುಗಿದ ಮೇಲೆ ಪತ್ರಿಕೆ ಮಾವನ ಕೈ ಸೇರುತ್ತಿತ್ತು. ಮಾವ ಬ್ಯಾಂಕಿನ ಗುಮಾಸ್ತರು, ಸಾಧು ಮನುಷ್ಯ. "ದೇಶದ ಸುದ್ದಿ ಎಂತ ಉಂಟು ಮಾವಾ?" ಎಂದು ಕೇಳಿದರೆ, "ದೇಶದ್ದು ಗೊತ್ತಾಗುವುದಿಲ್ಲ, ಎಲ್ಲ ಕೆಂಪಾಗಿದೆ. ಹಲ್ಲುಪುಡಿ ಫೇಲಾಗಿದೆ" ಅನ್ನುತ್ತಿದ್ದರು.

ಅತ್ತೆಯ ಇನ್ನೊಂದು ಪರೀಕ್ಷೆ ಮೂರು ಎಣಿಸುವುದು. ಒಳ್ಳೆಯ ಜಾಹೀರಾತು ಮೂರು ಎಣಿಸುವುದರೊಳಗೆ ಮನಸ್ಸಿಗೆ ಹೋಗಬೇಕು ಎಂದು ಆ ಬೊಂಬಾಯಿಯ ಮಾಸ್ಟ್ರು ಹೇಳಿದ್ದರಂತೆ. ಪರೀಕ್ಷೆಗೆ ಜನ ಬೇಕಲ್ಲ? ಗೇಟು ತೆಗೆದು ಒಳಬಂದ ಯಾರಾದರೂ ಆದೀತು. ಒಂದು ದಿನ ಮೀನು ಮಾರುವ ಅಕ್ಕ ಬುಟ್ಟಿ ಇಳಿಸುವ ಮೊದಲೇ ಅತ್ತೆ ಪತ್ರಿಕೆಯನ್ನು ಅವಳ ಮುಖದ ಎದುರು ಹಿಡಿದು, "ಒಂದು, ಎರಡು, ಮೂರು!" ಎಂದು ಎಣಿಸಿ ಸೆರಗಿನ ಹಿಂದೆ ಅಡಗಿಸಿದರು.

"ಎಂತ ಕಂಡಿತು?"

"ಪೇಪರು ಕಂಡಿತು, ಟೀಚರೇ."

"ಅದರಲ್ಲಿ ಎಂತ ಕಂಡಿತು?"

"ಅಕ್ಷರ ಕಂಡಿತು. ಬಂಗುಡೆ ಬೇಕಾ, ಬೇಡವಾ?"

ಅತ್ತೆ ಗೆದ್ದವರಂತೆ ಮಾವನ ಕಡೆ ತಿರುಗಿ, "ನೋಡಿದಿರಾ? ಇಡೀ ಅರ್ಧ ಪುಟದ ಜಾಹೀರಾತು, ಇವಳಿಗೆ ಎಂತದೂ ಕಾಣಲಿಲ್ಲ!" ಎಂದರು. ಮಾವ ಮೆಲ್ಲನೆ, "ಬಂಗುಡೆ ತಕ್ಕೊಳ್ಳುವ ಮಾರಾಯ್ತಿ. ಅದಕ್ಕೆ ಜಾಹೀರಾತು ಬೇಕಾಗಿಲ್ಲ" ಎಂದರು.

ಇದು ಪತ್ರಿಕೆಯೊಳಗೇ ನಿಂತಿದ್ದರೆ ಚಿಂತೆ ಇರಲಿಲ್ಲ. ಉಡುಪಿಯಲ್ಲಿ ನನ್ನ ದೊಡ್ಡಮ್ಮನ ಮಗಳ ಮದುವೆಯಾಯಿತು. ಗುಂಪು ಫೋಟೋ ತೆಗೆಯುವ ಹೊತ್ತಿಗೆ ಅತ್ತೆ ಫೋಟೋಗ್ರಾಫರನನ್ನು ಪಕ್ಕಕ್ಕೆ ಸರಿಸಿ ತಾವೇ ನಿಂತರು. ಮದುಮಕ್ಕಳನ್ನು ನಡುವೆ ಕೂರಿಸುವುದು ಸೋಮಾರಿಗಳ ಕೆಲಸವಂತೆ! ಅವರನ್ನು ಎಡಗಡೆಗೆ ಕಳಿಸಿದರು. ದಪ್ಪಗಿದ್ದ ಬೀಗರೊಬ್ಬರನ್ನು ಒಂದು ಕಡೆ ನಿಲ್ಲಿಸಿ, ಸಮತೋಲನಕ್ಕೆಂದು ಇನ್ನೊಂದು ಕಡೆ ಮೂವರು ಸಣಕಲು ಸೋದರಮಾವಂದಿರನ್ನು ಪೇರಿಸಿದರು. ನಡುವೆ ಕಣ್ಣಿಗೆ ವಿಶ್ರಾಂತಿ ಬೇಕೆಂದು ಒಂದು ಕುರ್ಚಿ ಖಾಲಿ ಬಿಟ್ಟರು. ಫೋಟೋ ಬಂದಿತು. ಚೆನ್ನಾಗಿತ್ತು, ನಾನು ಸುಳ್ಳು ಹೇಳುವುದಿಲ್ಲ. ಆದರೆ ಈಗಲೂ ಆ ಫೋಟೋ ನೋಡಿದವರೆಲ್ಲ ಧ್ವನಿ ತಗ್ಗಿಸಿ, "ಪಾಪ, ಆ ಕುರ್ಚಿ ಯಾರದ್ದು? ಮದುವೆಗೆ ಮೊದಲೇ ತೀರಿಹೋದರಾ?" ಎಂದು ಕೇಳುತ್ತಾರೆ.

ಇನ್ನು ಅಪ್ಪನ ವಿಷಯಕ್ಕೆ ಬರಬೇಕು. ಅಪ್ಪನಿಗೆ ಕಾರ್ಕಳದ ಪೇಟೆಯಲ್ಲಿ ಪಾತ್ರೆ ಅಂಗಡಿ ಇತ್ತು. ಅಜ್ಜ ತೀರಿಕೊಂಡಾಗ ಅಪ್ಪ ಏಳನೆಯ ತರಗತಿಯ ಪುಸ್ತಕ ಮುಚ್ಚಿಟ್ಟು ಆ ಅಂಗಡಿಯಲ್ಲಿ ಕೂತವರು. ಅವರು ಕೂತದ್ದರಿಂದ ಅತ್ತೆ ಓದಿದರು. ಅಪ್ಪನ ನಿಜವಾದ ವಿದ್ಯೆ ಪಾತ್ರೆಯ ಮೇಲೆ ಹೆಸರು ಕೊರೆಯುವುದು. ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಹೆಸರು ಹಾಕಿಸದೆ ಕೊಡುವುದುಂಟೇ? ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಅಪ್ಪ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದರು. ಕೊಟ್ಟವರ ಹೆಸರು ಹಾಕಿ ಅಂದರೆ ಅಪ್ಪ ಅಷ್ಟಕ್ಕೇ ನಿಲ್ಲುವವರಲ್ಲ. ತಂದೆಯ ಹೆಸರು, ಮನೆಯ ಹೆಸರು, ಊರು, ಯಾರ ಮದುವೆ, ಯಾವ ತಿಂಗಳು, ಜಾಗ ಉಳಿದರೆ ಒಂದು ಹೂವು. ಚಮಚ ಒಂದನ್ನು ಕೊಂಡವನಿಗೆ ಅದರ ಹಿಡಿಯ ಮೇಲೆ ಇಡೀ ವಂಶವೇ ಉಚಿತವಾಗಿ ಬರುತ್ತಿತ್ತು!

ಅತ್ತೆ ಮತ್ತು ಅಪ್ಪ ಒಂದೇ ತಾಯಿಯ ಮಕ್ಕಳು ಹೇಗಾದರು ಎಂಬುದು ನಮಗೆಲ್ಲ ಬಗೆಹರಿಯದ ಪ್ರಶ್ನೆಯಾಗಿತ್ತು.

ಅಪ್ಪನ ಅಂಗಡಿಯ ಎದುರಿಗೇ ಒಂದು ಹೊಸ ಸ್ಟೀಲ್ ಅಂಗಡಿ ಬಂತು. ಸಾಲು ಸಾಲು ಟ್ಯೂಬ್‌ಲೈಟು, ಕರೆಂಟಿನಲ್ಲಿ ಹೆಸರು ಕೊರೆಯುವ ಯಂತ್ರ, ಬಂದವರಿಗೆ ಶರಬತ್ತು. ಅಪ್ಪನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ದಾಟುವಾಗ ನಾಚಿಕೆಯಿಂದ ಈ ಕಡೆ ನೋಡುತ್ತಿರಲಿಲ್ಲ. ಅಪ್ಪ ಉಳಿ ಹಿಡಿದು ಕೂತು ಅವರ ಬೆನ್ನು ನೋಡುತ್ತಿದ್ದರು. ನಮ್ಮ ಮನೆಯ ಅನ್ನ ಆ ಅಂಗಡಿಯಿಂದಲೇ ಬರಬೇಕು. ಮದುವೆಯ ಕಾಲ ಹತ್ತಿರ ಬರುತ್ತಿತ್ತು. ಜಾಹೀರಾತು ಕೊಡದೆ ಉಳಿಗಾಲವಿಲ್ಲ ಎಂದು ಅಮ್ಮ ಹೇಳಿದರು. ಅಪ್ಪ ಒಪ್ಪಿದರು. ಸುದ್ದಿ ಕಾಪುವಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ಅತ್ತೆ ನೋಟ್‌ಬುಕ್ಕಿನ ಸಮೇತ ಕಾರ್ಕಳದಲ್ಲಿ!

ಅಪ್ಪ ತಾವು ಬರೆದದ್ದನ್ನು ಮುಂದಿಟ್ಟರು. ಗಣಪತಿ, ಅಜ್ಜನ ಫೋಟೋ, ಅಪ್ಪನ ಫೋಟೋ, ಹಿತ್ತಾಳೆ, ತಾಮ್ರ, ಕಂಚು, ಸ್ಟೀಲು, ಕಾಲುದೀಪ, ತೂಗುದೀಪ, ಇಡ್ಲಿ ಅಟ್ಟ, ಸೇಮಿಗೆ ಒತ್ತುವ ಮಣೆ, ಬಸ್‌ಸ್ಟ್ಯಾಂಡಿನಿಂದ ಬರುವ ದಾರಿ, ಕೊನೆಗೆ "ಒಮ್ಮೆ ಭೇಟಿ ಕೊಟ್ಟು ಸಂತುಷ್ಟರಾಗಿರಿ." ಅತ್ತೆ ಕಿಟಕಿ ಎಲ್ಲುಂಟು ಎಂದು ಹುಡುಕಿದರು.

ಆಮೇಲೆ ತಾವು ಬರೆದದ್ದನ್ನು ಚೀಲದಿಂದ ಹೊರತೆಗೆದರು. ಬಿಳಿ ಹಾಳೆ. ಬಲಗಡೆ ಕೆಳಗೆ ಒಂದು ಕೊಡಪಾನ. ನಾವು ಬಾವಿಯಿಂದ ನೀರು ಸೇದಿ ಸೊಂಟದಲ್ಲಿ ಇಟ್ಟು ತರುವ ಕೊಡಪಾನವೇ, ಆದರೆ ಅತ್ತೆಯ ಕೈಯಲ್ಲಿ ಅದು ಎಷ್ಟು ಚಂದ ಮೂಡಿತ್ತೆಂದರೆ ಮುಟ್ಟಿದರೆ ಕೈ ತಣ್ಣಗಾಗಬಹುದು ಎನಿಸುತ್ತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಂಗಡಿಯ ಹೆಸರು, ಕಾರ್ಕಳ. ಉಳಿದದ್ದೆಲ್ಲ ಖಾಲಿ.

ಅಪ್ಪ ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದರು. "ಉಳಿದದ್ದು ಎಲ್ಲಿ?"

"ಇಷ್ಟೇ, ಅಣ್ಣ."

"ಇಷ್ಟೇ ಅಂದರೆ ಎಂತ ಮಾರಾಯ್ತಿ? ಇಡೀ ಹಿತ್ತಿಲು ತಕ್ಕೊಂಡು ಮೂಲೆಯಲ್ಲಿ ಒಂದು ಬಚ್ಚಲು ಕಟ್ಟಿದ ಹಾಗಾಯಿತಲ್ಲ!"

"ಅಣ್ಣ, ನಮ್ಮ ಕಾಪುವಿನ ದೀಪಸ್ತಂಭ ನೋಡು. ಸುತ್ತ ಕತ್ತಲೆ ಉಂಟು, ಅದಕ್ಕೇ ದೀಪ ಕಾಣುತ್ತದೆ. ಪಕ್ಕದಲ್ಲಿ ಇನ್ನೂ ಇಪ್ಪತ್ತು ದೀಪ ಹಚ್ಚಿದರೆ ದೋಣಿಯವರು ಯಾರದ್ದೋ ಮದುವೆ ಅಂತ ತಿಳಿದಾರು. ಅದು ಬೇಡ, ನಿನ್ನ ಊರಿನದೇ ನೋಡು. ಗುಡ್ಡದ ಮೇಲೆ ಬಾಹುಬಲಿ ನಿಂತಿಲ್ವಾ? ಮೈಮೇಲೆ ಒಂದು ನೂಲಿಲ್ಲ, ಸುತ್ತ ಬರೀ ಆಕಾಶ. ಆದರೂ ಎಷ್ಟು ದೂರದಿಂದ ಜನ ಹುಡುಕಿಕೊಂಡು ಬರುತ್ತಾರೆ!"

ಅಪ್ಪ ಬಾಹುಬಲಿಯ ಗುಡ್ಡದ ಕಡೆಗೊಮ್ಮೆ ಕೈಮುಗಿದು, "ಅವನಿಗೆ ಪಾತ್ರೆ ಮಾರಲಿಕ್ಕಿಲ್ಲ" ಎಂದರು.

ಮೊದಲು ಒಂದು ಯುವಕ ಸಂಘದ ಸ್ಮರಣ ಸಂಚಿಕೆಯಲ್ಲಿ ಹಾಕಿ ನೋಡುವುದೆಂದು ತೀರ್ಮಾನವಾಯಿತು. ಸಂಚಿಕೆ ಅಚ್ಚಾಗುತ್ತಿದ್ದದ್ದು ಉಡುಪಿಯ ಗಲ್ಲಿಯೊಂದರ ಸಣ್ಣ ಪ್ರೆಸ್ಸಿನಲ್ಲಿ. ಅಲ್ಲಿಯ ಫೋರ್‌ಮನ್ ವಯಸ್ಸಾದವರು, ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಬೆರಳು ಕಪ್ಪಾಗಿದ್ದವರು, ಕರುಣಾಳು. ಕರುಣೆಯೇ ಕೆಲಸ ಕೆಡಿಸಿತು! ಪಾಪ, ಪಾತ್ರೆ ಅಂಗಡಿಯವರ ಪುಟಕ್ಕೆ ಮ್ಯಾಟರು ಸಾಕಾಗಲಿಲ್ಲ ಎಂದು ಅವರೇ ಮರುಗಿ, ಖಾಲಿ ಇದ್ದ ಜಾಗದಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸಿದರು. ಸಂಚಿಕೆ ಬಂದಾಗ ಕೊಡಪಾನದ ಮೇಲೆ ಹೀಗಿತ್ತು: "ಈ ಸ್ಥಳ ಜಾಹೀರಾತಿಗಾಗಿ ಖಾಲಿ ಇದೆ."

ಅತ್ತೆ ಪ್ರೆಸ್ಸಿಗೆ ನುಗ್ಗಿದರು. ನಾನೂ ಹಿಂದೆ ಹೋಗಿದ್ದೆ, ಜಗಳ ನೋಡುವ ಆಸೆಯಿಂದ. ಖಾಲಿ ಜಾಗ ಎಂದರೆ ಏನು ಎಂದು ಅತ್ತೆ ಅರ್ಧ ಗಂಟೆ ಪಾಠ ಮಾಡಿದರು. ಫೋರ್‌ಮನ್ ತಾಳ್ಮೆಯಿಂದ ಕೇಳಿ, ಒಂದು ಹಿಡಿ ಸೀಸದ ತುಂಡುಗಳನ್ನು ಎತ್ತಿ ಅತ್ತೆಯ ಅಂಗೈಯಲ್ಲಿಟ್ಟರು. "ಇದು ನೋಡಿ, ಅಮ್ಮ. ನಿಮಗೆ ಅದು ಖಾಲಿ. ಮೊಳೆ ಇಲ್ಲದ ಜಾಗ ಅಲುಗದ ಹಾಗೆ ನಾನು ಈ ಸೀಸ ತುಂಬಿಸಬೇಕು. ಖಾಲಿ ಅಂದರೂ ತೂಕ ತೂಕವೇ. ನಿಮ್ಮ ಖಾಲಿ ಜಾಗ ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ." ಅತ್ತೆ ಸೀಸವನ್ನು ಅಂಗೈಯಲ್ಲೇ ತೂಗಿ ನೋಡಿ, ಪಾಠವನ್ನು ಅಲ್ಲಿಗೇ ಬಿಟ್ಟು ಹೊರಟರು. ಆದರೆ ಬಸ್ಸು ಹತ್ತುವಷ್ಟರಲ್ಲಿ ಸರಿಹೋದರು. "ಕಂಡೆಯಾ? ಖಾಲಿಗೆ ತೂಕ ಉಂಟು ಅಂತ ನಾನು ಹೇಳಿದ್ದು ಇದನ್ನೇ!" ಎಂದು ಕಾಪು ಬರುವವರೆಗೆ ಹೇಳಿದರು.

ಎರಡನೆಯ ಸಲ ನೇರ ಪತ್ರಿಕೆಗೇ ಕೊಟ್ಟರು. ಈ ಸಲ ಎಲ್ಲ ಅತ್ತೆ ಬರೆದ ಹಾಗೆಯೇ ಬಂತು. ಬಿಳಿ ಜಾಗ, ಒಂದು ಕೊಡಪಾನ. ಅಪ್ಪ ಅಂಗಡಿ ತೆರೆದು ಹತ್ತು ನಿಮಿಷವಾಗಿರಲಿಲ್ಲ, ಬೈಲೂರಿನ ಒಬ್ಬರು ಹಿರಿಯರು ಚಪ್ಪಲಿ ಹೊರಗೆ ಬಿಟ್ಟು ತಲೆ ತಗ್ಗಿಸಿ ಒಳಗೆ ಬಂದರು.

"ಹೀಗಾಗಬಾರದಿತ್ತು ಮಾರಾಯ್ರೆ" ಎಂದರು.

"ಎಂತ ಆಯಿತು?"

"ಪೇಪರಿನಲ್ಲಿ ನೋಡಿದೆ. ಎಲ್ಲ ಖಾಲಿಯಾಗಿ ಒಂದೇ ಕೊಡಪಾನ ಉಳಿಯಿತಂತಲ್ಲ. ನಿಮ್ಮ ತಂದೆಯ ಕಾಲದ ಅಂಗಡಿ!"

ಅವರ ಹಿಂದೆ ಬೆಳ್ಮಣ್ಣಿನವರು, ಅವರ ಹಿಂದೆ ಬಜಗೋಳಿಯವರು. ಮಧ್ಯಾಹ್ನದೊಳಗೆ ಅಂಗಡಿಯಲ್ಲಿ ಸಾವಿನ ಮನೆಯಷ್ಟು ಜನ! ಎದುರಂಗಡಿಗೆ ದಾಟಿಹೋಗಿದ್ದವರೂ ಬಂದು ಅಪ್ಪನ ಕೈ ಹಿಡಿದುಕೊಂಡರು. ಸಮಾಧಾನ ಹೇಳಲು ಬಂದವರು ಬರಿಗೈಯಲ್ಲಿ ಹೊರಡುವುದು ಹೇಗೆ? ಒಬ್ಬರು ಕಾಲುದೀಪ, ಒಬ್ಬರು ಬೋಗುಣಿ, ಇನ್ನೊಬ್ಬರು "ಏನಾದರೂ ಕೊಡಿ, ನಿಮ್ಮ ಕೈಯಿಂದ ಹೆಸರು ಹಾಕಿ ಕೊಡಿ" ಎಂದು ಕೂತೇಬಿಟ್ಟರು. ಅಪ್ಪ ಸಂಜೆಯವರೆಗೆ ಉಳಿ ಕೆಳಗಿಡಲಿಲ್ಲ. ಆ ವರ್ಷದ ಮದುವೆಯ ಕಾಲ ಹೀಗೆ ದಾಟಿತು. ದಾಟಿಹೋಗಿದ್ದ ಗಿರಾಕಿಗಳಲ್ಲಿ ಎಷ್ಟೋ ಮಂದಿ ಮತ್ತೆ ಎದುರಂಗಡಿಗೆ ಹೋಗಲಿಲ್ಲ, ಹೋಗಲು ಮುಖವಿರಬೇಕಲ್ಲ!

ಜಾಹೀರಾತು ಗೆದ್ದಿತೋ, ಸೋತಿತೋ? ಇದೇ ಮುಂದೆ ಅಣ್ಣ ತಂಗಿಯ ಮುಗಿಯದ ಜಗಳವಾಯಿತು. "ಬಂದರಲ್ಲ!" ಎಂದು ಅತ್ತೆ. "ಹೆಣ ನೋಡಲಿಕ್ಕೆ ಬಂದದ್ದು!" ಎಂದು ಅಪ್ಪ. ಅಂದಿನಿಂದ ಅಪ್ಪ ತಮ್ಮ ಜಾಹೀರಾತು ತಾವೇ ಬರೆದರು, ಗಣಪತಿಯಿಂದ ಇಡ್ಲಿ ಅಟ್ಟದವರೆಗೆ. ಅತ್ತೆ ಅದನ್ನು ಕತ್ತರಿಸಿ, ಅಂಕ ಹಾಕಿ, ಅಂಚೆಯಲ್ಲಿ ವಾಪಸು ಕಳಿಸುತ್ತಿದ್ದರು. ಅಪ್ಪ ಲಕೋಟೆ ಒಡೆಯದೆಯೇ, "ಎಷ್ಟು ಅಂತೆ, ಒಂದೂವರೆಯಾ?" ಎಂದು ಅಮ್ಮನ ಕೈಗೆ ಕೊಡುತ್ತಿದ್ದರು. ಬಾಯಲ್ಲಿ ಎಷ್ಟು ಜಗಳವಾಡಿದರೂ ಇಬ್ಬರಿಗೂ ಒಳಗೊಳಗೆ ನೋವಿತ್ತು. ತಂಗಿ ತನ್ನ ಕಸುಬನ್ನು ಗೇಲಿ ಮಾಡುತ್ತಾಳೆಂದು ಅಪ್ಪನಿಗೆ. ಅಣ್ಣ ತನ್ನ ವಿದ್ಯೆಯನ್ನು ಒಮ್ಮೆಯೂ ಮೆಚ್ಚಲಿಲ್ಲವೆಂದು ಅತ್ತೆಗೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪನ ಬಲಗೈಗೆ ಸಣ್ಣಗೆ ಲಕ್ವ ಬಡಿಯಿತು. ನಡೆಯುವುದಕ್ಕೆ, ಮಾತಿಗೆ ತೊಂದರೆಯಾಗಲಿಲ್ಲ, ಕೈ ಮಾತ್ರ ನಡುಗುತ್ತಿತ್ತು. ಉಳಿ ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ. ಯಾರದೋ ಮಗಳ ಮದುವೆಯ ತಟ್ಟೆಯ ಮೇಲೆ ಹೆಸರು ಓರೆಯಾದ ದಿನ ಅಪ್ಪ ಆ ತಟ್ಟೆಯನ್ನು ತಾವೇ ಇಟ್ಟುಕೊಂಡು, ಹೊಸದೊಂದನ್ನು ಕೊಟ್ಟು, ಅದಕ್ಕೆ ಹೆಸರು ಹಾಕಿಸಲು ಗಿರಾಕಿಯನ್ನು ಎದುರಂಗಡಿಗೆ ಕಳಿಸಿದರು. ಸಂಜೆ ಮನೆಗೆ ಬಂದು, "ಅಂಗಡಿ ಸಾಕು" ಎಂದರು. ನಾನು ಆಗ ಮಣಿಪಾಲದಲ್ಲಿ ಕೆಲಸಕ್ಕಿದ್ದೆ. ಇರಲಿ ಅಪ್ಪ, ಯಂತ್ರ ತರೋಣ ಎಂದೆ. "ಯಂತ್ರಕ್ಕೆ ಅವರ ಅಜ್ಜನ ಹೆಸರು ಗೊತ್ತುಂಟಾ?" ಎಂದು ಕೇಳಿದರು.

ಆ ಭಾನುವಾರ ಅಪ್ಪ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಹೊರಟರು. ನಾನೂ ಜೊತೆಗಿದ್ದೆ. ಅತ್ತೆಯ ಜಗಲಿಯಲ್ಲಿ ಕೂತು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿಹಿಡಿದು ಹೇಳಿದರು: "ಅಂಗಡಿ ಮುಚ್ಚುತ್ತೇನೆ. ಜನರಿಗೆ ಒಂದು ಮಾತು ತಿಳಿಸಬೇಕಲ್ಲ, ಪೇಪರಿನಲ್ಲಿ. ನೀನೇ ಬರೆದುಕೊಡು. ಈ ಸಲ ನಾನು ಬಾಯಿ ಹಾಕುವುದಿಲ್ಲ. ಹೆಚ್ಚು ಹೇಳಲಿಕ್ಕೆ ಎಂತದೂ ಇಲ್ಲ. ಎಷ್ಟು ಬೇಕಾದರೂ ಖಾಲಿ ಬಿಡು."

ಅತ್ತೆ ಗೆದ್ದರು! ಇಷ್ಟು ವರ್ಷದ ಜಗಳ ಗೆದ್ದರು ಎಂದು ನಾನು ಅವರ ಮುಖ ನೋಡಿದೆ. ಅವರು ಅಣ್ಣನಿಗೆ ಚಹಾ ಮಾಡಲು ಒಳಗೆ ಹೋದರು. ಚಹಾ ಬರಲು ತುಂಬ ಹೊತ್ತು ಹಿಡಿಯಿತು.

ನಾಲ್ಕು ದಿನದ ಮೇಲೆ ಬರೆದ ಹಾಳೆಯನ್ನು ಪತ್ರಿಕೆಯ ಕಚೇರಿಗೆ ಮುಟ್ಟಿಸಲು ನನ್ನನ್ನು ಕರೆಸಿದರು. ನೋಡಿದೆ. ಸುತ್ತ ಹೂವಿನ ಬಾರ್ಡರು! ಮೇಲೆ ಗಣಪತಿ. ಅಜ್ಜನ ಹೆಸರು, ಅಪ್ಪನ ಹೆಸರು, ದಪ್ಪ ದಪ್ಪ ಅಕ್ಷರದಲ್ಲಿ. ಅಂಗಡಿಗೆ ಬರುತ್ತಿದ್ದ ಊರುಗಳು ಒಂದೊಂದಾಗಿ: ಬೈಲೂರು, ನಿಟ್ಟೆ, ಬೆಳ್ಮಣ್ಣು, ಬಜಗೋಳಿ, ಮಾಳ, ಅಜೆಕಾರು, ಹೆಬ್ರಿ. ಹಿತ್ತಾಳೆ, ತಾಮ್ರ, ಕಂಚು, ಒಂದೂ ಬಿಟ್ಟಿಲ್ಲ. ಪಾತ್ರೆಯ ಮೂಟೆಗಳನ್ನು ಬಸ್ಸಿನ ಟಾಪಿಗೆ ಏರಿಸಿಕೊಟ್ಟ ಕಂಡಕ್ಟರುಗಳಿಗೆ, ಪ್ರತಿದಿನ ಬಾಗಿಲಿಗೆ ಹೂವು ಕೊಟ್ಟ ಹೆಂಗಸಿಗೆ, ಎದುರಂಗಡಿಯವರಿಗೂ ಧನ್ಯವಾದ. ಪೆನ್ಸಿಲಿನ ಮೊನೆ ಇಡಲು ಜಾಗವಿರಲಿಲ್ಲ.

"ಅತ್ತೆ, ಉಸಿರಾಡಲಿಕ್ಕೆ ಎಡೆ ಇಲ್ಲವಲ್ಲ!" ಎಂದೆ.

"ಇಲ್ಲದಿದ್ದರೆ ಬೇಡ" ಎಂದರು ಅತ್ತೆ. "ನಾಳೆ ಹೇಳುತ್ತೇನೆ ಅನ್ನಲಿಕ್ಕೆ ಅಣ್ಣನಿಗೆ ಇನ್ನು ಅಂಗಡಿ ಇಲ್ಲ. ಎಲ್ಲ ಇವತ್ತೇ ಹೇಳಲಿ."

ಜಾಹೀರಾತು ಬಂದ ಬೆಳಿಗ್ಗೆ ಅಪ್ಪ ಅದನ್ನು ಮೊಣಕಾಲಿನ ಮೇಲೆ ಹರಡಿ, ಬೆರಳಿಟ್ಟು, ಒಂದೊಂದೇ ಊರನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ತಲೆಯೆತ್ತಿ, "ಎಲ್ಲ ಉಂಟು, ಅವಳ ಹೆಸರೇ ಇಲ್ಲ" ಎಂದರು.

ನನ್ನ ಜೇಬಿನಿಂದ ಪೆನ್ನು ಕೇಳಿ ತೆಗೆದುಕೊಂಡರು. ಬಾರ್ಡರಿನ ಹೊರಗೆ ಪತ್ರಿಕೆಯ ಅಂಚಿನಲ್ಲಿ ಉಳಿದಿದ್ದ ಬೆರಳಗಲದ ಬಿಳಿಯಲ್ಲಿ, ನಡುಗುವ ಕೈಯಿಂದ, ತಂಗಿಯ ಹೆಸರನ್ನು ಬರೆದರು. ತಂದೆಯ ಹೆಸರು, ಮನೆಯ ಹೆಸರು, ಊರು, ಎಲ್ಲ ಸೇರಿಸಿ. ಅಕ್ಷರಗಳು ಓರೆಯಾಗಿ, ಸಾಲು ಕೆಳಗೆ ಜಾರಿತ್ತು. "ತಕ್ಕೊಂಡುಹೋಗಿ ಅವಳಿಗೆ ತೋರಿಸಿ ಬಾ" ಎಂದರು.

ಅಂದು ಮಧ್ಯಾಹ್ನವೇ ತೋರಿಸಿದೆ. ಅತ್ತೆ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಹಾಳು ಮಾಡಿಟ್ಟ!" ಎಂದರು. "ಇಷ್ಟು ಕಷ್ಟಪಟ್ಟು ಬರೆದದ್ದು, ಎಲ್ಲ ಕೆಡಿಸಿಟ್ಟ. ಈಗ ಕಣ್ಣು ಬೇರೆಲ್ಲಿಗೂ ಹೋಗುವುದೇ ಇಲ್ಲ, ಸೀದಾ ಇಲ್ಲಿಗೇ ಬರುತ್ತದೆ."

ಹಾಗೆ ಬೈಯುತ್ತಲೇ ಅತ್ತರು.